ಬಿಕಲಂ ಯಾರದು? ತೆರಿಗೆಯ ಕಾಗದ ಬರೆದವರ ಕಥೆ

ಜುಲೈ ತಿಂಗಳು ಬಂತೆಂದರೆ ನಮ್ಮ ಹೊಸೂರು ಪೇಟೆಯ ಕಂಪ್ಯೂಟರ್ ಅಂಗಡಿಗಳ ಮುಂದೆ ಒಂದು ಹಲಗೆ ತೂಗಾಡುತ್ತದೆ. ಇಲ್ಲಿ ಆದಾಯ ತೆರಿಗೆಯ ರಿಟರ್ನ್ ಹಾಕಿಕೊಡುತ್ತೇವೆ ಎಂದು ಅದರ ತಾತ್ಪರ್ಯ. ನಮ್ಮಲ್ಲಿ ಅದನ್ನು ತಮಿಳಿನಲ್ಲಿ ‘ವರುಮಾನ ವರಿ’ ಎಂದು ಬರೆದಿರುತ್ತಾರೆ. ಕಾಸರಗೋಡಿನವರು ಅದನ್ನೇ ಮಲಯಾಳದಲ್ಲಿ ‘ಆದಾಯ ನಿಕುತಿ’ ಎಂದು ಓದುತ್ತಾರೆ. ಮಡಕಶಿರಾ, ರಾಯದುರ್ಗ, ಆದವಾನಿಯವರಿಗೆ ಅದು ‘ಆದಾಯಪು ಪನ್ನು’. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನವರಿಗೆ ‘ಪ್ರಾಪ್ತಿಕರ’. ಮನೆಯ ಹೊಸಿಲು ದಾಟಿ ಒಳಗೆ ಬಂದರೆ ನಮಗೆಲ್ಲ ಅದು ಆದಾಯ ತೆರಿಗೆ. ಹೆಸರು ಐದು, ತೆರಿಗೆ ಒಂದೇ. ಆದರೆ ಅಂಗಡಿಯ ಹುಡುಗ ತುಂಬುವುದು ಮಾತ್ರ ಇಂಗ್ಲಿಷಿನ ನಮೂನೆಯನ್ನು.

ನಾವು ಎದುರಿನ ಕುರ್ಚಿಯಲ್ಲಿ ಕೂತಿರುತ್ತೇವೆ. ಅವನು ಕೀಲಿಮಣೆ ಕುಟ್ಟುತ್ತಾನೆ. ನಮ್ಮ ಮೊಬೈಲಿಗೆ ಆರು ಅಂಕಿಯ ಸಂಖ್ಯೆ ಬರುತ್ತದೆ. “ಹೇಳಿ ಸಾರ್” ಎನ್ನುತ್ತಾನೆ. ಹೇಳುತ್ತೇವೆ. “ಆಯಿತು, ಹೋಗಿ ಬನ್ನಿ” ಎನ್ನುತ್ತಾನೆ. ಏನು ಆಯಿತು ಎಂದು ನಮಗೆ ತಿಳಿಯುವುದಿಲ್ಲ. ಆ ಆರು ಅಂಕಿ ನಮ್ಮ ರುಜುವಿಗೆ ಸಮ ಎಂಬುದೂ ಅನೇಕರಿಗೆ ಗೊತ್ತಿರುವುದಿಲ್ಲ.

ಇಂದಿನ ಮಾತು ಈ ಕುರ್ಚಿಯ ಚರಿತ್ರೆಯ ಬಗ್ಗೆ. ಎಂದರೆ, ನಮ್ಮ ಪರವಾಗಿ ಸರಕಾರಕ್ಕೆ ಲೆಕ್ಕ ಬರೆದುಕೊಟ್ಟವರು ಯಾರು ಯಾರು, ಅವರು ಹೇಗೆ ಬದಲಾದರು, ಅದರಲ್ಲಿ ನಾವು ಏನು ಗಳಿಸಿದೆವು, ಏನು ಕಳೆದುಕೊಂಡೆವು ಎಂಬ ಬಗ್ಗೆ.

ಹಳೆಯ ಕ್ರಯಪತ್ರ, ಭೋಗ್ಯಪತ್ರಗಳು ಮನೆಯ ಪೆಟ್ಟಿಗೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಕೊನೆಯಲ್ಲಿ ಬರೆಸಿಕೊಟ್ಟವನ ರುಜು ಅಥವಾ ಹೆಬ್ಬೆಟ್ಟು, ಸಾಕ್ಷಿಗಳ ಹೆಸರು, ಅದರ ಜೊತೆಗೆ ‘ಬಿಕಲಂ’ ಎಂಬ ಒಂದು ಪದ, ಮುಂದೆ ಒಂದು ಹೆಸರು ಇರುತ್ತದೆ. ಪಾರಸಿ ಮೂಲದ ಮಾತು ಅದು. ಕಲಂ ಎಂದರೆ ಲೇಖನಿ. ಬಿಕಲಂ ಎಂದರೆ ‘ಇಂಥವರ ಲೇಖನಿಯಿಂದ’ ಎಂದು ಅರ್ಥ. ಕಾಗದ ಯಾರದು ಎಂಬುದು ಎಷ್ಟು ಮುಖ್ಯವೋ, ಬರೆದ ಕೈ ಯಾರದು ಎಂಬುದೂ ಅಷ್ಟೇ ಮುಖ್ಯ ಎಂದು ನಮ್ಮ ಹಿರಿಯರು ತಿಳಿದಿದ್ದರು. ನಾಳೆ ತಕರಾರು ಬಂದರೆ ಬರೆದವನನ್ನೂ ಕರೆದು ಕೇಳಬಹುದಿತ್ತು.

ಈ ಪದ್ಧತಿ ಕಾಗದಕ್ಕಿಂತಲೂ ಹಳೆಯದು. ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ ಸೀಮೆಗಳಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಆ ಕಾಲದ ಶಾಸನಗಳಲ್ಲಿ ಸುಂಕ, ಸಿದ್ಧಾಯ ಎಂಬ ತೆರಿಗೆಗಳ ಮಾತು ಬರುತ್ತದೆ. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನು ಇಂಥ ಸೇನಬೋವ, ಕಲ್ಲಿನಲ್ಲಿ ಕಂಡರಿಸಿದವನು ಇಂಥ ರೂವಾರಿ ಎಂದು ಹೆಸರು ಹೇಳಿ ಮುಗಿಸುವುದುಂಟು. ಆ ಸೇನಬೋವನೇ ಮುಂದೆ ನಮ್ಮ ಶಾನುಭೋಗನಾದ. ಬಸವಣ್ಣನವರು ಬಿಜ್ಜಳನ ಬಳಿ ಕರಣಿಕರಾಗಿ ಲೆಕ್ಕ ಬರೆದರೆಂದು ಸಂಪ್ರದಾಯ ಹೇಳುವ ಮಂಗಳವಾಡವೂ ಇಂದು ಗಡಿಯ ಆಚೆಗೇ ಇದೆ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಅದು. ಲೆಕ್ಕ ಬರೆಯುವುದು ನಮ್ಮ ಸೀಮೆಯಲ್ಲಿ ಹಗುರದ ಕೆಲಸ ಎನಿಸಿಕೊಂಡಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಶಾನುಭೋಗರ ಕೈಯಲ್ಲಿ ಇರುತ್ತಿದ್ದುದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಕಪ್ಪು ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಬೇಕಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಇಂದು ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವಲ್ಲ, ಆ ಪದ ಬಂದದ್ದು ಈ ಕಪ್ಪು ಬಟ್ಟೆಯಿಂದ.

ಒಂದೊಂದು ಸೀಮೆಯಲ್ಲಿ ಬರೆಯುವವನಿಗೆ ಒಂದೊಂದು ಹೆಸರು. ಕಾಸರಗೋಡು ಸೇರಿದ್ದ ಕನ್ನಡ ಜಿಲ್ಲೆಯಲ್ಲಿ ಪಟೇಲ ಮತ್ತು ಶಾನುಭೋಗ. ಮದರಾಸು ಪ್ರಾಂತದ ಬಳ್ಳಾರಿ, ಸೇಲಂ ಕಡೆ ಕರಣಂ. ಸೊಲ್ಲಾಪುರದ ಕಡೆ ಪಾಟೀಲ ಮತ್ತು ಕುಲಕರ್ಣಿ. ಕುಲಕರ್ಣಿಯ ದಫ್ತರ ಮೋಡಿ ಲಿಪಿಯಲ್ಲಿ. ನಿಜಾಮರ ಸೀಮೆಯಲ್ಲಿ ಪಟವಾರಿ. ವಯನಾಡು ಸೇರಿದ್ದ ಮಲಬಾರಿನಲ್ಲಿ ಅಧಿಕಾರಿ ಮತ್ತು ಮೇನೋನ್. ಥಾಮಸ್ ಮನ್ರೋ ಎಂಬ ಅಧಿಕಾರಿ 1792ರಿಂದ ಬಾರಾಮಹಲಿನಲ್ಲಿ, ಎಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿ ಕಡೆ, ಕೆಲಸ ಕಲಿತ. 1799ರಲ್ಲಿ ಕನ್ನಡ ಜಿಲ್ಲೆಗೆ ಹೋದ. 1800ರಿಂದ 1807ರವರೆಗೆ ಬಳ್ಳಾರಿ, ಅನಂತಪುರ ಸೀಮೆಗಳ ಕಲೆಕ್ಟರನಾಗಿದ್ದ. ಇಂದು ನಮ್ಮ ಮಾತು ಕೇಳುತ್ತಿರುವ ಅನೇಕ ಊರುಗಳ ಭೂಮಿಯ ಲೆಕ್ಕ ಅವನ ಕೈಯಡಿಯಲ್ಲಿ ಬರೆಯಲ್ಪಟ್ಟಿತು. ಜಮೀನ್ದಾರ ನಡುವೆ ಬೇಡ, ಒಬ್ಬೊಬ್ಬ ರೈತನೂ ನೇರವಾಗಿ ಸರಕಾರಕ್ಕೆ ಕಂದಾಯ ಕಟ್ಟಲಿ, ಅವನ ಹೆಸರಿಗೇ ಪಟ್ಟಾ ಕೊಡೋಣ ಎಂಬುದು ಆ ರೈತವಾರಿ ಪದ್ಧತಿಯ ತಿರುಳು.

ನೇರ ಎಂದರು ನಿಜ, ಆದರೆ ಓದು ಬಾರದ ರೈತನಿಗೂ ಕಲೆಕ್ಟರನಿಗೂ ನಡುವೆ ಕರಣಂ ಇದ್ದೇ ಇದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥ ಕಡೆ ಹುಟ್ಟುತ್ತದೆ. ಕೆರೆಯ ಕೆಳಗಿನ ಗದ್ದೆಯನ್ನು ಖುಷ್ಕಿ ಎಂದು ಬರೆಯುವ, ಒಣ ಹೊಲವನ್ನು ತರಿ ಎಂದು ಬರೆಯುವ ಶಕ್ತಿ ಆ ಬಳಪಕ್ಕಿತ್ತು. ಶಾನುಭೋಗರನ್ನು ಕಂಡರೆ ಜನ ಎದ್ದು ನಿಲ್ಲುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಭಯ ಎಷ್ಟು ಎಂದು ಬೇರೆ ಮಾಡುವುದು ಕಷ್ಟ. ಆದರೂ ನಮ್ಮ ತಾತ ಒಂದು ಮಾತು ಹೇಳುತ್ತಿದ್ದರು: “ನಮ್ಮೂರ ಶಾನುಭೋಗರು ಚಾವಡಿಯಲ್ಲಿ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳುತ್ತಿರಲಿಲ್ಲ. ಅವರು ಓದುವಾಗ ಊರೆಲ್ಲ ಕೇಳುತ್ತಿತ್ತು.” ಈ ಮಾತನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಇದಕ್ಕೇ ಮರಳಿ ಬರುತ್ತೇನೆ.

ಇಲ್ಲಿಯವರೆಗೆ ಹೇಳಿದ್ದು ಭೂಮಿಯ ಕಂದಾಯದ ಮಾತು. ಮನುಷ್ಯನ ಸಂಪಾದನೆಯ ಮೇಲೆ ತೆರಿಗೆ ಬಂದದ್ದು 1860ರಲ್ಲಿ. 1857ರ ಹೋರಾಟವನ್ನು ಅಡಗಿಸುವುದಕ್ಕೆ ಖರ್ಚು ಮಾಡಿ ಬ್ರಿಟಿಷರ ಖಜಾನೆ ಬರಿದಾಗಿತ್ತು. ಅದನ್ನು ತುಂಬಲು ಜೇಮ್ಸ್ ವಿಲ್ಸನ್ ಎಂಬ ಹಣಕಾಸು ಮಂತ್ರಿಯನ್ನು ಇಂಗ್ಲೆಂಡಿನಿಂದ ಕಳಿಸಿದರು. ಅವನು ಆದಾಯ ತೆರಿಗೆಯನ್ನು ತಂದ. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯವಿದ್ದವರಿಗೆ ಬಿಡುಗಡೆ. 200ರಿಂದ 500ರವರೆಗೆ ನೂರಕ್ಕೆ 2. ಅದಕ್ಕಿಂತ ಮೇಲಿದ್ದರೆ ನೂರಕ್ಕೆ 4. ಜುಲೈ 24ರಂದು ಕಾಯ್ದೆ ಜಾರಿಗೆ ಬಂತು. ಆಗಸ್ಟ್ ತಿಂಗಳಲ್ಲಿ ವಿಲ್ಸನ್ ಕಲ್ಕತ್ತೆಯಲ್ಲೇ ತೀರಿಕೊಂಡ.

ಈ ತೆರಿಗೆಯನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಮುಖ್ಯನಾದವನು ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್. ಹೊಸೂರು, ತಾಳವಾಡಿ, ಕಾಸರಗೋಡು, ವಯನಾಡು, ಆದವಾನಿ, ರಾಯದುರ್ಗ ಎಲ್ಲವೂ ಆಗ ಅವನ ಆಡಳಿತದಲ್ಲಿದ್ದವು. ಈ ತೆರಿಗೆ ಇಲ್ಲಿನ ಜನಕ್ಕೆ ಒಗ್ಗುವಂಥದಲ್ಲ ಎಂದು ಅವನು ಬರೆದ ಟಿಪ್ಪಣಿ ಪತ್ರಿಕೆಗಳಲ್ಲಿ ಅಚ್ಚಾಯಿತು. ಸರಕಾರದೊಳಗಿನ ಜಗಳವನ್ನು ಬೀದಿಗೆ ತಂದನೆಂದು ಲಂಡನ್ನಿನವರು ಅವನನ್ನು ಅದೇ ವರ್ಷ ವಾಪಸು ಕರೆಸಿಕೊಂಡರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಅವನೇ ಕಲ್ಕತ್ತೆಗೆ ಹಣಕಾಸು ಮಂತ್ರಿಯಾಗಿ ಬಂದ; 1865ರಲ್ಲಿ ಅವನ ಕಾಲದಲ್ಲೇ ಆ ತೆರಿಗೆ ನಿಂತುಹೋಯಿತು.

ನಿಂತದ್ದು ಮತ್ತೆ ಬಾರದೆ ಇರಲಿಲ್ಲ. ಬೇರೆ ಬೇರೆ ಹೆಸರಿನಲ್ಲಿ ಬಂದು ಹೋಗಿ, 1886ರ ಕಾಯ್ದೆಯಿಂದ ನೆಲೆಯೂರಿತು. ಹಳ್ಳಿಯವರಿಗೆ ಈ 1886 ಬಹಳ ಮುಖ್ಯವಾದ ವರ್ಷ. ವ್ಯವಸಾಯದ ಆದಾಯಕ್ಕೆ ಈ ತೆರಿಗೆ ಇಲ್ಲ ಎಂಬ ಬಿಡುಗಡೆ ಆ ಕಾಯ್ದೆಯಲ್ಲಿತ್ತು; ಅದು ಇಂದಿಗೂ ಉಳಿದುಬಂದಿದೆ. ಮುಂದೆ ವ್ಯವಸಾಯದ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಪ್ರಾಂತಗಳಿಗೆ, ಆಮೇಲೆ ರಾಜ್ಯಗಳಿಗೆ ಬಿಟ್ಟರು. ಹೀಗಾಗಿ ರಾಗಿ, ಜೋಳ ಬೆಳೆಯುವ ನಮ್ಮಂಥವರ ಮನೆಗಳಿಗೆ ಆದಾಯ ತೆರಿಗೆ ಎಂಬುದು ಸುಮಾರು ನೂರು ವರ್ಷ ಪೇಟೆಯವರ ಕಷ್ಟವಾಗಿಯೇ ಉಳಿಯಿತು. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ಹಾಗೆ.

ಪೇಟೆಯವರ ಲೆಕ್ಕ ಬೇರೆ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. 1886ರ ಕಾಯ್ದೆಯಲ್ಲಿ ವರ್ಷಕ್ಕೆ 2000 ರೂಪಾಯಿ ಮತ್ತು ಮೇಲ್ಪಟ್ಟ ಆದಾಯಕ್ಕೆ ರೂಪಾಯಿಗೆ 5 ಪೈ ತೆರಿಗೆ. ಆದವಾನಿಯ ಹತ್ತಿ ವ್ಯಾಪಾರಿ, ಸೊಲ್ಲಾಪುರದ ಸೀರೆಯ ಸಾಹುಕಾರ ಇಂಥವರ ಅಂಗಡಿಯಲ್ಲಿ ಗುಮಾಸ್ತನಿದ್ದ. ಕಿರ್ದಿ, ಖಾತೆ ಬರೆಯುವವನು ಅವನೇ. ಹಳ್ಳಿಯ ಶಾನುಭೋಗ ಸರಕಾರದ ಪರವಾಗಿ ಲೆಕ್ಕ ಬರೆದರೆ, ಈ ಗುಮಾಸ್ತ ಯಜಮಾನನ ಪರವಾಗಿ ಬರೆದ. ಇದು ದೊಡ್ಡ ಬದಲಾವಣೆ. ತೆರಿಗೆ ಕಟ್ಟುವವನೇ ಸಂಬಳ ಕೊಟ್ಟು ತನ್ನ ಲೆಕ್ಕ ಬರೆಸಿಕೊಳ್ಳುವ ಕಾಲ ಅಲ್ಲಿಂದ ಬಲವಾಯಿತು.

1922ರಲ್ಲಿ ಹೊಸ ಕಾಯ್ದೆ ಬಂತು. ಅಧಿಕಾರಿಯ ಮುಂದೆ ತಾನೇ ಹೋಗಲಾರದವನು ತನ್ನ ಪರವಾಗಿ ವಕೀಲನನ್ನೋ ಲೆಕ್ಕಿಗನನ್ನೋ ತೆರಿಗೆ ವ್ಯವಹಾರ ಬಲ್ಲವನನ್ನೋ ಕಳಿಸಬಹುದೆಂದು ಅದರಲ್ಲಿ ಅವಕಾಶವಿತ್ತು. 1941ರ ಜನವರಿ 25ರಂದು ಮೇಲ್ಮನವಿ ನ್ಯಾಯಮಂಡಳಿ ಆರಂಭವಾಯಿತು. 1949ರ ಜುಲೈ 1ರಂದು ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ ಕಾನೂನಿನ ಮೂಲಕ ನೆಲೆಗೊಂಡಿತು. ಪರೀಕ್ಷೆ ಪಾಸಾಗಬೇಕು, ಸಂಸ್ಥೆಯ ಪಟ್ಟಿಯಲ್ಲಿ ಹೆಸರಿರಬೇಕು, ನಡತೆ ತಪ್ಪಿದರೆ ಆ ಹೆಸರು ಹೋಗಬೇಕು. ಬರೆಯುವ ಕೈಗೆ ಹೊಸ ಕಾಲದ ಬಿಕಲಂ ಸಿಕ್ಕಿತು ಎನ್ನಬಹುದು.

ಸ್ವಾತಂತ್ರ್ಯ ಬಂದಾಗ ನಮ್ಮ ಗಡಿಸೀಮೆಗಳಲ್ಲಿ ಎಲ್ಲರೂ ಒಂದೇ ತೆರಿಗೆಯ ಕೆಳಗೆ ಇರಲಿಲ್ಲ. ಅಕ್ಕಲಕೋಟೆ, ಜತ್ತು ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿದವು. ಹೈದರಾಬಾದು ಮತ್ತು ಮೈಸೂರು ರಾಜ್ಯಗಳಿಗೆ ಭಾರತದ ಆದಾಯ ತೆರಿಗೆ ಕಾಯ್ದೆ 1950ರ ಏಪ್ರಿಲ್ 1ರಿಂದ ವಿಸ್ತರಿಸಿತು. ಪೋರ್ಚುಗೀಸರಿಂದ ಬಿಡುಗಡೆಯಾದ ಗೋವಾಕ್ಕೆ ಅದು ಬಂದದ್ದು 1963ರ ಏಪ್ರಿಲ್ 1ರಿಂದ. ಅಲ್ಲಿ ಒಂದು ವಿಶೇಷವೂ ಇದೆ. ಪೋರ್ಚುಗೀಸ್ ಸಿವಿಲ್ ಕಾನೂನಿಗೆ ಒಳಪಟ್ಟ ಗಂಡ ಹೆಂಡಿರ ಆದಾಯದಲ್ಲಿ ಸಂಬಳ ಬಿಟ್ಟು ಉಳಿದದ್ದನ್ನು ಇಬ್ಬರಿಗೂ ಸಮಪಾಲು ಮಾಡಿ ತೆರಿಗೆ ಲೆಕ್ಕ ಹಾಕಬೇಕು. ಇಂಥ ಸಂಗತಿ ಗೊತ್ತಿಲ್ಲದವನ ಕೈಗೆ ಕಾಗದ ಕೊಟ್ಟರೆ ಏನಾದೀತು ಎಂದು ನೀವೇ ಊಹಿಸಿ.

1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆದರು. ಆಗ ನಮಗೆ ಆದದ್ದೇನು? ಭೂಮಿಯ ಕಾಗದದ ಭಾಷೆ ರಾಜ್ಯದ ಭಾಷೆಯಾಯಿತು. ಹೊಸೂರಿನವನಿಗೆ ಚಿಟ್ಟಾ ತಮಿಳಿನಲ್ಲಿ, ಮಡಕಶಿರಾದವನಿಗೆ ಅಡಂಗಲ್ ತೆಲುಗಿನಲ್ಲಿ, ಜತ್ತಿನವನಿಗೆ ಸಾತ್ ಬಾರಾ ಮರಾಠಿಯಲ್ಲಿ. ನಾವು ಅದನ್ನೂ ಕಲಿತೆವು. ಎರಡು ಭಾಷೆ ಬಲ್ಲವರೆಂದು ಹೆಮ್ಮೆಯನ್ನೂ ಪಟ್ಟೆವು. ಆದರೆ ಆದಾಯ ತೆರಿಗೆ ಕೇಂದ್ರದ್ದು. ಅದಕ್ಕೆ ಈ ಗಡಿಯ ಹಂಗಿರಲಿಲ್ಲ. ಅಲ್ಲಿ ನಮಗೆ ಗೊತ್ತಿದ್ದ ಎರಡು ಭಾಷೆಗಳೂ ಕೆಲಸಕ್ಕೆ ಬರಲಿಲ್ಲ, ಮೂರನೆಯದು ಬೇಕಾಯಿತು.

ಅದೇ ಹೊತ್ತಿಗೆ ಹಳ್ಳಿಯ ಬರೆಯುವ ಕೈಯೂ ಹೋಯಿತು. ಮುಂಬಯಿ ಪ್ರಾಂತದಲ್ಲಿ ಕುಲಕರ್ಣಿ ವತನಗಳು 1951ರಲ್ಲಿ ರದ್ದಾದವು. ಮೈಸೂರು ರಾಜ್ಯದಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ಮುಗಿಯಿತು. ತಮಿಳುನಾಡಿನಲ್ಲಿ 1980ರ ನವೆಂಬರಿನಲ್ಲಿ, ಆಂಧ್ರದಲ್ಲಿ 1984ರಲ್ಲಿ ಕರಣಂ ಹುದ್ದೆಗಳು ಕೊನೆಗೊಂಡವು. ಹುಟ್ಟಿನಿಂದ ಬರುವ ಅಧಿಕಾರ ಹೋದದ್ದು ಒಳ್ಳೆಯದೇ. ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಊರಿಗೆಲ್ಲ ಗೊತ್ತಿದ್ದ, ಬೆಳಗಾದರೆ ಮುಖ ನೋಡಬೇಕಾದ ಬರಹಗಾರನ ಜಾಗಕ್ಕೆ ತಾಲ್ಲೂಕು ಕಚೇರಿಯ ಮರದಡಿ ಟೈಪ್‌ರೈಟರ್ ಇಟ್ಟುಕೊಂಡ ಅರ್ಜಿ ಬರೆಯುವವರು ಬಂದರು. ಹೆಸರಿಲ್ಲದ ಕೈ ಆಗಲೇ ಆರಂಭವಾಯಿತು.

ಇಷ್ಟರಲ್ಲಿ ನಮ್ಮ ಹಳ್ಳಿಗಳೂ ಬದಲಾದವು. ಮಗ ಹೊಸೂರಿನ ಕಾರ್ಖಾನೆ ಸೇರಿದ, ಮಗಳು ಶಾಲೆಯ ಟೀಚರಾದಳು, ತಮ್ಮ ಬ್ಯಾಂಕು ಸೇರಿದ. ಹೊಲದ ಲೆಕ್ಕ ಒಂದಾದರೆ ಸಂಬಳದ ಲೆಕ್ಕ ಇನ್ನೊಂದು. 1990ರ ದಶಕದ ಕೊನೆಯಲ್ಲಿ ಸರಕಾರ ‘ಆರರಲ್ಲಿ ಒಂದು’ ಎಂಬ ನಿಯಮ ತಂದಿತು. ಮನೆ, ಕಾರು, ದೂರವಾಣಿ, ವಿದೇಶ ಪ್ರವಾಸ, ಕ್ರೆಡಿಟ್ ಕಾರ್ಡು, ಕ್ಲಬ್ಬಿನ ಸದಸ್ಯತ್ವ, ಈ ಆರರಲ್ಲಿ ಗೊತ್ತುಮಾಡಿದ ಪ್ರಮಾಣದ ಒಂದಿದ್ದರೂ, ನಿಯಮ ಜಾರಿಯಲ್ಲಿದ್ದ ಪಟ್ಟಣಗಳಲ್ಲಿ, ರಿಟರ್ನ್ ಹಾಕಬೇಕು. ಹೆಚ್ಚು ಜನರಿಂದ ಬರೆಸಬೇಕೆಂದು ‘ಸರಳ್’ ಎಂಬ ಒಂದು ಹಾಳೆಯ ನಮೂನೆಯೂ ಬಂತು. ಆರರ ನಿಯಮ 2006ರಲ್ಲಿ ಹೋಯಿತು, ಆದರೆ ರಿಟರ್ನ್ ಎಂಬ ಮಾತು ಸಾಮಾನ್ಯರ ಮನೆಯೊಳಗೆ ಬಂದಾಗಿತ್ತು.

ಮುಂದಿನದು ಕಂಪ್ಯೂಟರಿನ ಕಾಲ. 2004ರಲ್ಲಿ, ಇಲಾಖೆ ಒಪ್ಪಿದ ಮಧ್ಯವರ್ತಿಗಳ ಮೂಲಕ ರಿಟರ್ನನ್ನು ವಿದ್ಯುನ್ಮಾನವಾಗಿ ಸಲ್ಲಿಸುವ ಯೋಜನೆ ಹೊರಟಿತು. 2006ರಲ್ಲಿ ಕಂಪನಿಗಳಿಗೆ ಅದು ಕಡ್ಡಾಯವಾಯಿತು. 2013ರಲ್ಲಿ 5 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯದವರಿಗೆಲ್ಲ ಕಡ್ಡಾಯವಾಯಿತು. 2019ರ ಹೊತ್ತಿಗೆ, 80 ವರ್ಷ ದಾಟಿದ ಕೆಲವರನ್ನು ಬಿಟ್ಟರೆ, ಕಾಗದದ ನಮೂನೆ ಬಹುಮಟ್ಟಿಗೆ ಇಲ್ಲವಾಯಿತು.

ಇಲ್ಲಿ ನಮ್ಮ ಸೀಮೆಯ ಹೆಸರೂ ಬರುತ್ತದೆ. ದೇಶದ ಎಲ್ಲ ವಿದ್ಯುನ್ಮಾನ ರಿಟರ್ನುಗಳನ್ನು ಪರಿಶೀಲಿಸುವ ಕೇಂದ್ರ 2009ರಲ್ಲಿ ಕೆಲಸ ಆರಂಭಿಸಿದ್ದು ಬೆಂಗಳೂರಿನಲ್ಲಿ. ನಾವು ದಿನಾ ಬಸ್ಸಿನಲ್ಲಿ ಹಾದುಹೋಗುವ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯ ಅಂಚೆ ಕಚೇರಿಗೆ ಕಾಶ್ಮೀರದವನೂ ಕನ್ಯಾಕುಮಾರಿಯವನೂ ರುಜು ಮಾಡಿದ ಒಂದು ಹಾಳೆ ಕಳಿಸಬೇಕಾಗಿತ್ತು. ಸಾಮಾನ್ಯ ಅಂಚೆ ಅಥವಾ ಸ್ಪೀಡ್ ಪೋಸ್ಟ್ ಆಗಬೇಕು, ಕೊರಿಯರ್ ನಡೆಯದು. ರಿಟರ್ನ್ ಗಾಳಿಯಲ್ಲಿ ಹೋದರೂ ರುಜು ನೆಲದ ಮೇಲೇ ಪ್ರಯಾಣ ಮಾಡಬೇಕಿತ್ತು. 2015ರಲ್ಲಿ ಆಧಾರ್‌ಗೆ ಸೇರಿದ ಮೊಬೈಲಿಗೆ ಬರುವ ಅಂಕಿಗಳಿಂದಲೇ ದೃಢೀಕರಿಸಬಹುದು ಎಂದಾಯಿತು. ಹೆಬ್ಬೆಟ್ಟು ಅಂಕಿಯಾಯಿತು. ಮಾತಿನ ಆರಂಭದಲ್ಲಿ ಹೇಳಿದ ಆ ಆರು ಅಂಕಿ ಇದೇ.

ಸರಕಾರ ಬರೆಯುವ ಕೈಯ ಬಗ್ಗೆ ಯೋಚಿಸಲಿಲ್ಲವೇ? ಯೋಚಿಸಿತು. 2006ರ ನವೆಂಬರಿನಲ್ಲಿ ತೆರಿಗೆ ರಿಟರ್ನ್ ಸಿದ್ಧಪಡಿಸುವವರ ಯೋಜನೆ ಬಂತು. 21ರಿಂದ 35 ವರ್ಷದ ಪದವೀಧರರಿಗೆ ತರಬೇತಿ ಕೊಟ್ಟು, ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಸಣ್ಣ ತೆರಿಗೆದಾರರ ರಿಟರ್ನ್ ಬರೆಯಲು ಬಿಡುವ ಯೋಜನೆ. ಕಕ್ಷಿದಾರರಿಂದ ತೆಗೆದುಕೊಳ್ಳುವ ಹಣ 250 ರೂಪಾಯಿ ಮೀರಬಾರದು ಎಂದು ಗೊತ್ತುಮಾಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ಹೀಗೆ ಬರೆದ ರಿಟರ್ನಿನಲ್ಲಿ ಬರೆದವರ ಹೆಸರು, ಸಂಖ್ಯೆ, ರುಜು ಇರಬೇಕು ಎಂದರು. ನೋಡಿ, ಸೇನಬೋವನ ಕಾಲದ ಪದ್ಧತಿಯೇ ಬಂತು. ಬಿಕಲಂ ಇಂಥವರು.

ಆದರೆ ನಮ್ಮ ಪೇಟೆಯ ಅಂಗಡಿಗಳಲ್ಲಿ ನಡೆಯುವುದು ಬಹುಪಾಲು ಹಾಗಲ್ಲ. ಅಲ್ಲಿ ಬರೆಯುವವನು ನಮ್ಮ ಪ್ಯಾನ್ ಸಂಖ್ಯೆ, ನಮ್ಮ ಗುಪ್ತಪದ ಹಾಕಿ ನಾವೇ ಆಗಿ ಒಳಗೆ ಹೋಗುತ್ತಾನೆ. ಇಲಾಖೆಗೆ ಕಾಣುವುದು ನಾವೇ ಕೂತು ನಾವೇ ಬರೆದದ್ದಾಗಿ. ಅವನ ಹೆಸರು ಎಲ್ಲೂ ಇಲ್ಲ.

ಇದರಿಂದ ಏನಾಗುತ್ತದೆಂದು ನಮ್ಮ ಮನೆಯಲ್ಲೇ ಕಂಡೆ. ನಮ್ಮ ಭಾವನವರು ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದವರು. ಪೇಟೆಯಲ್ಲಿ ಒಬ್ಬನಿದ್ದ, ಸಂಬಳದಲ್ಲಿ ಮುರಿದ ತೆರಿಗೆಯನ್ನೆಲ್ಲ ವಾಪಸು ಕೊಡಿಸುತ್ತೇನೆ, ಬಂದದ್ದರಲ್ಲಿ ನೂರಕ್ಕೆ ಹತ್ತು ನನಗೆ ಎಂದನಂತೆ. ಹಣ ಬಂತು. ಎರಡನೆಯ ವರ್ಷವೂ ಬಂತು. ಭಾವನವರು ಆ ದುಡ್ಡಿನಲ್ಲಿ ಒಂದು ಸೀಮೆ ಹಸು ಕಟ್ಟಿದರು. ಮೂರನೆಯ ವರ್ಷ ಬ್ಯಾಂಕಿಗೆ ಹೋದಾಗ ಯಾರೋ ತಮ್ಮ ರಿಟರ್ನ್ ತೆಗೆದು ನೋಡಿಕೊಂಡದ್ದನ್ನು ಕಂಡು ತಾವೂ ತೆಗೆಸಿದರು. ಇಲ್ಲದ ಮನೆ ಸಾಲದ ಬಡ್ಡಿ, ಕೊಡದ ದೇಣಿಗೆ, ಕಟ್ಟದ ಬಾಡಿಗೆ ಎಲ್ಲವೂ ಅಲ್ಲಿತ್ತು. ಇಲಾಖೆಯ ನೋಟೀಸು ಬಂದು ಎರಡು ತಿಂಗಳಾಗಿತ್ತು. ಆದರೆ ರಿಟರ್ನಿನಲ್ಲಿ ಇದ್ದ ಮೊಬೈಲ್ ಸಂಖ್ಯೆ, ಇ-ಮೇಲ್ ವಿಳಾಸ ಎರಡೂ ಅವನದೇ. ಅವನ ಫೋನು ಆಫ್ ಆಗಿತ್ತು.

“ಬರೆದವನು ನಾನಲ್ಲಪ್ಪಾ” ಎಂದರು ಭಾವನವರು.

“ಒಪ್ಪಿಕೊಂಡವರು ನೀವೇ ಭಾವ” ಎಂದೆ. ಹೇಳುವಾಗ ನನಗೇ ಕಷ್ಟವಾಯಿತು.

ಕಾನೂನು ಹೇಳುವುದೂ ಅಷ್ಟೇ. ರಿಟರ್ನಿನ ಕೊನೆಯಲ್ಲಿ, ಇದರಲ್ಲಿರುವುದು ನನ್ನ ತಿಳಿವಳಿಕೆಯ ಮಟ್ಟಿಗೆ ಸರಿಯಾಗಿದೆ, ಪೂರ್ಣವಾಗಿದೆ ಎಂಬ ಒಪ್ಪಿಗೆ ಇರುತ್ತದೆ. ಅದು ತೆರಿಗೆದಾರನ ಮಾತು, ಅಂಗಡಿಯವನದಲ್ಲ. ಬಂದ ಹಣ, ಅದರ ಬಡ್ಡಿ, ಮೇಲೆ ದಂಡ ಎಲ್ಲವನ್ನೂ ಭಾವನವರು ಕಟ್ಟಿದರು. ಹಸು ಮಾರಿದರು. ನೂರಕ್ಕೆ ಹತ್ತು ತೆಗೆದುಕೊಂಡವನು ಒಂದು ಕಾಸನ್ನೂ ಕಟ್ಟಲಿಲ್ಲ.

ಇದು ಒಬ್ಬರ ಕಥೆಯಲ್ಲ. ಇಂಥ ಸಲಹೆಗಾರರ ಮಾತಿಗೆ ಮರುಳಾಗಬೇಡಿ ಎಂದು ಇಲಾಖೆ 2018ರಲ್ಲೇ ಸಂಬಳದಾರರಿಗೆ ಎಚ್ಚರಿಕೆ ಕೊಟ್ಟಿತ್ತು. 2025ರ ಜುಲೈ ತಿಂಗಳಲ್ಲಿ ಸುಳ್ಳು ವಿನಾಯಿತಿ ಹಾಕಿಕೊಡುವವರನ್ನು ಹುಡುಕಿ ದೇಶದ 150 ಸ್ಥಳಗಳಲ್ಲಿ ತಪಾಸಣೆ ನಡೆಸಿತು. ಹೀಗೆ ಪಾಲಿಗೆ ಬರೆಯುವ ಜಾಲಗಳು, ತಾತ್ಕಾಲಿಕ ಇ-ಮೇಲ್ ವಿಳಾಸ ಮಾಡಿ ಆಮೇಲೆ ಬಿಟ್ಟುಬಿಡುವ ಚಾಳಿ ಆಗ ಬೆಳಕಿಗೆ ಬಂದವು. ತಪ್ಪು ತಿಳಿದವರು ತಾವಾಗಿ ಸರಿಪಡಿಸಿಕೊಳ್ಳುವ ದಾರಿಯೂ ಇದೆ. ಹೆಚ್ಚಿನ ತೆರಿಗೆ ಕಟ್ಟಿ ರಿಟರ್ನನ್ನು ತಿದ್ದುವ ಅವಕಾಶವನ್ನು 2022ರಲ್ಲಿ ಕೊಟ್ಟರು. ಅದಕ್ಕೆ ಮೊದಲು ಎರಡು ವರ್ಷದ ಗಡುವಿತ್ತು, 2025ರಲ್ಲಿ ನಾಲ್ಕು ವರ್ಷ ಮಾಡಿದರು.

ಹಾಗಾದರೆ ಯಾರ ಬಳಿಗೂ ಹೋಗಬಾರದೇ ಎಂದು ನೀವು ಕೇಳಬಹುದು. ಹೋಗಬೇಕು. 1961ರ ಕಾಯ್ದೆ ಓದಿ ಅರ್ಥ ಮಾಡಿಕೊಳ್ಳುವುದು ಬಲ್ಲವರಿಗೂ ಕಷ್ಟ. ಅದರ ಜಾಗಕ್ಕೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆ ಮಾಡಿ, 2026ರ ಏಪ್ರಿಲ್ 1ರಿಂದ ಜಾರಿ ಎಂದು ಗೊತ್ತುಮಾಡಿದೆ. ಮನೆ ಕಟ್ಟಲು ಮೇಸ್ತ್ರಿ ಬೇಕಾದ ಹಾಗೆ ತೆರಿಗೆಗೂ ಬಲ್ಲವರು ಬೇಕು. ನಮ್ಮ ಕಡೆಯೇ ಒಬ್ಬ ಹಿರಿಯ ಲೆಕ್ಕಿಗರಿದ್ದಾರೆ. ರಿಟರ್ನ್ ತುಂಬಿದ ಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸುತ್ತಾರೆ. ಸಾಲು ಸಾಲಾಗಿ, ಬಂದವರು ಕನ್ನಡದವರಾದರೆ ಕನ್ನಡದಲ್ಲಿ, ತಮಿಳಿನವರಾದರೆ ತಮಿಳಿನಲ್ಲಿ ಓದಿ ಹೇಳುತ್ತಾರೆ. ಇದು ನಿಮ್ಮ ಸಂಬಳ, ಇದು ಬ್ಯಾಂಕಿನ ಬಡ್ಡಿ, ಇದು ಹೊಲದ್ದು, ಇದಕ್ಕೆ ನಿಮ್ಮ ಬಳಿ ರಸೀತಿ ಇದೆಯೇ ಎಂದು ಕೇಳುತ್ತಾರೆ. ಆಮೇಲೆ “ಒಪ್ಪಿಗೆಯೇ?” ಎನ್ನುತ್ತಾರೆ. ಆಗ ಮಾತ್ರ ಆ ಆರು ಅಂಕಿ. ಅವರ ಸಂಭಾವನೆ ರೂಪಾಯಿಯಲ್ಲಿ. ವಾಪಸು ಬರುವ ಹಣದಲ್ಲಿ ಪಾಲು ಇಲ್ಲ. ಪ್ರತಿಯ ಕೆಳಗೆ ತಮ್ಮ ಹೆಸರಿನ ಮೊಹರು ಒತ್ತಿ ನಮ್ಮ ಕೈಗೆ ಕೊಡುತ್ತಾರೆ. ಮೊಬೈಲ್ ಸಂಖ್ಯೆ ಯಾವಾಗಲೂ ನಮ್ಮದೇ.

ಅವರನ್ನು ನೋಡಿದಾಗಲೆಲ್ಲ ತಾತ ಹೇಳಿದ ಚಾವಡಿ ನೆನಪಾಗುತ್ತದೆ. ಶಾನುಭೋಗರ ಕಾಲದಲ್ಲಿ ರೈತನಿಗೆ ಅಕ್ಷರ ಇರಲಿಲ್ಲ, ಆದರೆ ಕಿವಿ ಇತ್ತು. ಓದಿ ಹೇಳಿದ್ದನ್ನು ಕೇಳಿ, ತಪ್ಪಿದ್ದರೆ “ಸ್ವಾಮಿ, ಅದು ಖುಷ್ಕಿ” ಎಂದು ಕೂಗುತ್ತಿದ್ದ. ಇಂದು ನಮಗೆ ಎರಡು ಮೂರು ಭಾಷೆಗಳ ಅಕ್ಷರವಿದೆ, ಆದರೆ ಓದಿ ಹೇಳಿ ಎಂದು ಕೇಳುವ ಧೈರ್ಯ ಹೋಗಿದೆ. ಇಂಗ್ಲಿಷು ಬಾರದೆಂದು ನಾಚಿ, ಸುಮ್ಮನೆ ತಲೆಯಾಡಿಸಿ ಬರುತ್ತೇವೆ.

ಈ ಬಾರಿ ಅಂಗಡಿಯ ಕುರ್ಚಿಯಲ್ಲಿ ಕೂತಾಗ ನಾಚದೆ ಎರಡು ಮಾತು ಕೇಳಿ. ನನ್ನ ಭಾಷೆಯಲ್ಲಿ ಓದಿ ಹೇಳು ಎನ್ನಿ. ಇದರ ಮೇಲೆ ನಿನ್ನ ಹೆಸರು ಬರೆದುಕೊಡು ಎನ್ನಿ. ಎರಡಕ್ಕೂ ಒಪ್ಪುವವನಾದರೆ ಅವನ ಕೈಗೆ ಕಾಗದ ಕೊಡಿ. ಒಪ್ಪದಿದ್ದರೆ ಎದ್ದು ಬನ್ನಿ. ಪಕ್ಕದಲ್ಲಿ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ.